ಬೇರೆ ದೇಶಗಳಲ್ಲಿ ಎಂಟಿಬಿ (ಮೌಂಟನ್ ಬೈಕ್, ಅಂದರೆ ಗುಡ್ಡದ ಸೈಕಲ್) ಸವಾರಿ ಬೇರೆ ಬೇರೆ ಥರ ಯಾಕೆ ಬೆಳೆಯಿತು? ನಮ್ಮ ಗುಡ್ಡಗಳಿಗೆ ಯಾವುದು ಹೊಂದುತ್ತದೆ?

ಗಂಗಾವತಿ ಗಾಲಿ · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಿನ್ನೆ ನಡೆದದ್ದನ್ನು ಹೇಳಿ ಶುರು ಮಾಡುತ್ತೇನೆ.

ನಾವು ಆರು ಜನ ಬೆಳಿಗ್ಗೆ ಸಾಣಾಪುರ ಕಡೆಯ ಗುಡ್ಡಕ್ಕೆ ಹೋಗಿದ್ದೆವು. ಅದರಲ್ಲಿ ಇಬ್ಬರು ಹೊಸ ಹುಡುಗರು. ಇಳಿಜಾರಿನ ಕಾಲುದಾರಿಯಲ್ಲಿ ಅವರು ಚಪ್ಪಡಿ ಕಲ್ಲು ಪೇರಿಸಿ, ಹಾರಲು ಒಂದು ದಿಣ್ಣೆ ಮಾಡಿದರು. ಎರಡು ಸಲ ಹಾರಿದ್ದೂ ಆಯಿತು. ಅಷ್ಟರಲ್ಲಿ ಕುರಿ ಕಾಯುವ ಅಜ್ಜ ಒಬ್ಬರು ಬಂದರು. ಬೈಯಲಿಲ್ಲ. "ತಮ್ಮಾ, ಇದು ಕುರಿ ನೀರಿಗೆ ಇಳಿಯೋ ದಾರಿ. ಇಲ್ಲಿ ಕಲ್ಲು ಒಟ್ಟಿದರ ಮರಿ ಕಾಲು ಮುರೀತಾವ" ಅಂದರು. ನಾವು ಕಲ್ಲೆಲ್ಲ ತೆಗೆದು ಮೊದಲಿದ್ದ ಹಾಗೇ ಮಾಡಿ ಬಂದೆವು.

ವಾಪಸ್ ಬರುವಾಗ ಒಬ್ಬ ಹುಡುಗ ಕೇಳಿದ. "ಅಣ್ಣ, ಕೆನಡಾದಲ್ಲಿ ಎಲ್ಲರೂ ಹೀಗೇ ಕಟ್ಟುತ್ತಾರಲ್ಲ, ನಾವು ಕಟ್ಟಿದರೆ ಏನು ತಪ್ಪು?" ಒಳ್ಳೆಯ ಪ್ರಶ್ನೆ. ಸುಮ್ನೆ ಗದರಿ ಮುಚ್ಚಿಹಾಕುವಂಥದ್ದಲ್ಲ. ಹತ್ತು ವರ್ಷದಿಂದ ಇದರ ಬಗ್ಗೆ ಓದಿಕೊಂಡು ಬಂದಿದ್ದೇನೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಅನಿಸುವುದು ಇಷ್ಟು. ಒಂದೊಂದು ದೇಶದಲ್ಲಿ ಈ ಸವಾರಿ ಯಾವ ರೂಪ ತಾಳಿತು ಅನ್ನುವುದನ್ನು ಎರಡು ವಿಷಯ ತೀರ್ಮಾನ ಮಾಡಿವೆ: ಗಾಲಿಯ ಕೆಳಗಿನ ನೆಲ ಎಂಥದು, ಆ ದಾರಿ ಯಾರದು.

ಮೊದಲು ಅಮೆರಿಕ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಟಾಮಲ್‌ಪೈಸ್ ಅನ್ನುವ ಗುಡ್ಡ ಇದೆ. ಒಣ ನೆಲ. ಕಾಡ್ಗಿಚ್ಚು ಆರಿಸಲು ಗಾಡಿ ಹೋಗಲಿ ಅಂತ ಮಾಡಿದ ಅಗಲವಾದ ಮಣ್ಣಿನ ರಸ್ತೆಗಳು. 1970ರ ದಶಕದಲ್ಲಿ ಅಲ್ಲಿನ ಹುಡುಗರು 1930-40ರ ಕಾಲದ ಶ್ವಿನ್ ಸೈಕಲ್‌ಗಳನ್ನು ಗುಜರಿಯಿಂದ ಎತ್ತಿಕೊಂಡು ಬಂದರು. ದಪ್ಪ ಟೈರು, ಒಂದೇ ಗೇರು, ಪೆಡಲ್ ಹಿಂದಕ್ಕೆ ತುಳಿದರೆ ಬೀಳುವ ಬ್ರೇಕು. ಅದರ ಮೇಲೆ ಕೂತು ಗುಡ್ಡ ಇಳಿದರು. 1976ರ ಅಕ್ಟೋಬರ್ 21ರಂದು ಮೊದಲ ರೇಸ್ ಆಯಿತು. ಸುಮಾರು ಮೂರು ಕಿಲೋಮೀಟರ್ ದಾರಿ, 400 ಮೀಟರ್ ಇಳಿತ. ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಇರುವ ಹಿಂದಿನ ಗಾಲಿಯ ಗುಂಬ (ಹಬ್) ಕಾದು, ಒಳಗಿನ ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹಾಗೆ ಮತ್ತೆ ತುಂಬುವುದರಿಂದಲೇ ಆ ರೇಸಿಗೆ ರೀಪ್ಯಾಕ್ ಅಂತ ಹೆಸರು ಬಂತು.

1977ರಲ್ಲಿ ಜೋ ಬ್ರೀಜ್ ಇದಕ್ಕೆ ಅಂತಲೇ ಹೊಸ ಫ್ರೇಮ್ ಕಟ್ಟಿದರು. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಅಂಗಡಿ ತೆರೆದರು, ಅದರ ಹೆಸರೇ ಮೌಂಟನ್‌ಬೈಕ್ಸ್. ಅವರಿಗೆ ಫ್ರೇಮ್ ಮಾಡಿಕೊಟ್ಟವರು ಟಾಮ್ ರಿಚಿ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಸ್ಟಂಪ್‌ಜಂಪರ್ ಅನ್ನುವ ಸೈಕಲ್ ಮಾಡಿಸಿ ಅಂಗಡಿ ಅಂಗಡಿಗೆ ತಲುಪಿಸಿತು. ಗುಜರಿ ಸೈಕಲ್‌ನಿಂದ ಕಾರ್ಖಾನೆವರೆಗೆ ಐದೇ ವರ್ಷ! ಅಲ್ಲಿ ಇದು ಮೊದಲಿನಿಂದಲೂ ಇಳಿಜಾರಿನ ಆಟ, ಗೆಳೆಯರ ಆಟ, ಹಾಗೇ ಬೇಗನೆ ವ್ಯಾಪಾರವೂ ಆಯಿತು.

ಉಳಿದ ದೇಶಗಳ ಬಗ್ಗೆ ಗೊತ್ತಿದ್ದವರು ಬರೆಯಿರಿ.

ಹಳೇ ಹರ್ಕ್ಯುಲಿಸ್, ಕುಷ್ಟಗಿ · ಸೋಮವಾರ, ರಾತ್ರಿ 10:02

ಚೆನ್ನಾಗಿ ಬರೆದಿದ್ದೀಯ ತಮ್ಮಾ. ಒಂದು ಮಾತು ಸೇರಿಸುತ್ತೇನೆ. ಮರಿನ್ ಹುಡುಗರೇ ಮೊದಲಿಗರು ಅಂತ ನಾನು ಒಪ್ಪುವುದಿಲ್ಲ. 1951ರಿಂದ 1956ರವರೆಗೆ ಪ್ಯಾರಿಸ್ ಹೊರವಲಯದಲ್ಲಿ ಸುಮಾರು ಇಪ್ಪತ್ತು ಹುಡುಗರ ಒಂದು ಕ್ಲಬ್ ಇತ್ತು, ವೆಲೋ ಕ್ರಾಸ್ ಕ್ಲಬ್ ಪಾರಿಸಿಯನ್ ಅಂತ. ಮೋಟರ್‌ಸೈಕಲ್ ಕ್ರಾಸ್ ರೇಸ್ ನೋಡಿ, ಅದನ್ನೇ ಸೈಕಲ್ ಮೇಲೆ ಮಾಡಿದವರು. ಅವರ ಸೈಕಲ್‌ಗೆ 650ಬಿ ಗಾಲಿ. ಈಗ ನೀವೆಲ್ಲ 27.5 ಇಂಚು ಅಂತ ದುಡ್ಡು ಕೊಟ್ಟು ತರುತ್ತೀರಲ್ಲ, ಅದೇ ರಿಮ್ ಅಳತೆ. ಇಂಗ್ಲೆಂಡಿನಲ್ಲಿ 1955ರಲ್ಲೇ ರಫ್ ಸ್ಟಫ್ ಫೆಲೋಶಿಪ್ ಅನ್ನುವ ಸಂಘ ಹುಟ್ಟಿತು. ಅವರಿಗೆ ರೇಸ್ ಬೇಡ. ಮಾಮೂಲಿ ಸೈಕಲ್ ತಗೊಂಡು ಕಲ್ಲು ದಾರಿ, ಕಣಿವೆ, ಕೆಸರು ದಾಟಿ ಹೋಗುವುದು, ಆಗದ ಕಡೆ ಹೆಗಲ ಮೇಲೆ ಹೊತ್ತು ನಡೆಯುವುದು, ಎಲ್ಲಾದರೂ ಕೂತು ಚಹಾ ಕುಡಿಯುವುದು.

ಅದಕ್ಕೂ ಹಿಂದೆ, 1897ರಲ್ಲಿ, ಅಮೆರಿಕ ಸೇನೆಯ 25ನೇ ಪದಾತಿ ದಳದ ಕಪ್ಪು ಸೈನಿಕರು ಮೊಂಟಾನಾದ ಮಿಸೌಲಾದಿಂದ ಸೇಂಟ್ ಲೂಯಿಸ್‌ವರೆಗೆ ಸೈಕಲ್ ಮೇಲೆ ಹೋದರು. ಸುಮಾರು 3,000 ಕಿಲೋಮೀಟರ್. ಗುಡ್ಡ, ಮಳೆ, ಕೆಸರು, ಬೆನ್ನ ಮೇಲೆ ಬಂದೂಕು.

ನಮ್ಮಪ್ಪ ಇಪ್ಪತ್ತು ವರ್ಷ ಹಾಲಿನ ಕ್ಯಾನು ಕಟ್ಟಿಕೊಂಡು ಗರಸಿನ ದಾರಿಯಲ್ಲಿ ಹರ್ಕ್ಯುಲಿಸ್ ತುಳಿದರು. 28 ಇಂಚಿನ ಗಾಲಿ, ರಾಡ್ ಬ್ರೇಕು. ಇಳಿಜಾರಿನಲ್ಲಿ ಅವರು ಸೀಟಿನಿಂದ ಎದ್ದು ಭಾರ ಹಿಂದಕ್ಕೆ ಹಾಕುತ್ತಿದ್ದರು. ಈಗ ನಿಮಗೆ ವಿಡಿಯೋದಲ್ಲಿ ಹೇಳಿಕೊಡುವುದೂ ಅದೇ. ಅದನ್ನು ಅವರು ಯಾರಿಂದಲೂ ಕಲಿಯಲಿಲ್ಲ, ಹಾಲು ಚೆಲ್ಲಬಾರದು ಅಂತ ಮೈಯೇ ಕಲಿತುಕೊಂಡಿತು.

ರಾಯಚೂರು ರೇಂಜರ್ · ಸೋಮವಾರ, ರಾತ್ರಿ 10:40

ಅಣ್ಣ, ನನಗೂ ಆ ಹುಡುಗನದೇ ಪ್ರಶ್ನೆ. ಕೆನಡಾದವರು ಮರದ ಸೇತುವೆ, ಹಲಗೆ, ಡ್ರಾಪ್ (ಎತ್ತರದಿಂದ ಕೆಳಕ್ಕೆ ಹಾರುವ ಕಟ್ಟೆ) ಎಲ್ಲ ಕಟ್ಟಿದ್ದು ಯಾರನ್ನು ಕೇಳಿ? ಕೇಳದೇ ಕಟ್ಟಿದ್ದಕ್ಕೇ ಅಲ್ವಾ ಆ ಸ್ಟೈಲ್ ಹುಟ್ಟಿದ್ದು?

ಗಂಗಾವತಿ ಗಾಲಿ · ಸೋಮವಾರ, ರಾತ್ರಿ 11:15

ನಿಜ ತಮ್ಮಾ, ಶುರುವಿನಲ್ಲಿ ಬಹಳಷ್ಟು ಕೇಳದೇ ಕಟ್ಟಿದ್ದು. ಆದರೆ ಅವರು ಮರ ಯಾಕೆ ಬಳಸಿದರು ನೋಡು. ವ್ಯಾಂಕೂವರ್ ಪಕ್ಕದ ನಾರ್ತ್ ಶೋರ್‌ನಲ್ಲಿ ಮೂರು ಬೆಟ್ಟ ಇವೆ: ಸೈಪ್ರೆಸ್, ಫ್ರೋಮ್, ಸೀಮೋರ್. ಅಲ್ಲಿ ಮಳೆ ಜಾಸ್ತಿ. ನೆಲದ ತುಂಬ ಬೇರು, ಕೆಸರು, ಬಿದ್ದ ದೊಡ್ಡ ದೊಡ್ಡ ಸೀಡರ್ ಮರ. ಗಾಲಿ ಹೂತುಹೋಗುವ ಕಡೆ ಬಿದ್ದ ಸೀಡರನ್ನೇ ಸೀಳಿ ಏಣಿಯ ಹಾಗೆ ಹಾಸಿದರು. ಹಳ್ಳಿಯಲ್ಲಿ ಕೆಸರಿಗೆ ಹಲಗೆ ಹಾಕುತ್ತೇವಲ್ಲ, ಹಾಗೆ. ಆಮೇಲೆ ಅದು ಎತ್ತರ ಆಯಿತು, ಕಿರಿದಾಯಿತು, ಆಟ ಆಯಿತು. ಜಗತ್ತೇ ನೋಡಿ ಬೆರಗಾಯಿತು.

ಮುಂದಿನ ಕಥೆ ವಿಡಿಯೋದಲ್ಲಿ ಬರುವುದಿಲ್ಲ. ಅಪಾಯ, ಮಣ್ಣು ಕೊಚ್ಚಿಹೋಗುವುದು, ಜಾಗದ ಮಾಲೀಕತ್ವ, ಇವುಗಳ ಬಗ್ಗೆ ತಕರಾರು ಎದ್ದಿತು. ಎಷ್ಟೋ ಸೇತುವೆ, ಹಲಗೆಗಳನ್ನು ಕಿತ್ತುಹಾಕಿದರು. 1997ರಲ್ಲಿ ಸವಾರರೇ ಸಂಘ ಕಟ್ಟಿಕೊಂಡರು. ಇವತ್ತು ಅದೇ ಸಂಘ ಜಾಗದವರ ಒಪ್ಪಿಗೆ ಪಡೆದು ಗುದ್ದಲಿ, ಸಲಿಕೆ ಹಿಡಿದು ದಾರಿ ದುರಸ್ತಿ ಮಾಡುತ್ತದೆ. ಇನ್ನು ಕೆನಡಾದ್ದೇ ಆದ ವಿಸ್ಲರ್ ಬೇರೆಯೇ. ಅದು ಹಿಮದ ಮೇಲೆ ಜಾರುವ ಜನರಿಗೆ ಲಿಫ್ಟ್ ಹಾಕಿದ ಜಾಗ. ಬೇಸಿಗೆಯಲ್ಲಿ ಆ ಲಿಫ್ಟ್ ಖಾಲಿ. ಅದಕ್ಕೆ ಸೈಕಲ್ ನೇತುಹಾಕಿ ಮೇಲಕ್ಕೆ ಕಳಿಸಿದರು. ಹತ್ತುವ ಕಷ್ಟ ಇಲ್ಲ ಅಂದಮೇಲೆ ಭಾರದ ಸೈಕಲ್, ಉದ್ದ ಶಾಕ್ ಅಬ್ಸಾರ್ಬರ್, ಮುಖ ಮುಚ್ಚುವ ಹೆಲ್ಮೆಟ್ ಎಲ್ಲ ಬಂತು. ನಮ್ಮ ಹತ್ತಿರ ಆ ಲಿಫ್ಟೂ ಇಲ್ಲ, ಆ ಮೆತ್ತನೆ ಕಾಡು ನೆಲವೂ ಇಲ್ಲ. ಹಾರಿ ಬಿದ್ದರೆ ಕೆಳಗಿರುವುದು ಕಣಶಿಲೆ.

ಬಳ್ಳಾರಿ ಟೀಚರ್ · ಮಂಗಳವಾರ, ಬೆಳಿಗ್ಗೆ 6:20

ದಾರಿ ಯಾರದು ಅನ್ನುವ ಮಾತಿಗೆ ನಾನು ಬರೆಯುತ್ತೇನೆ. ಕಾನೂನು ಓದುವುದು ನನಗೆ ಇಷ್ಟ.

ಅಮೆರಿಕದಲ್ಲಿ ಈ ಆಟ ಹುಟ್ಟಿದ ಮರಿನ್‌ನಲ್ಲೇ ಮೊದಲ ಜಗಳ ಆಯಿತು. ನಡೆಯುವವರು ಮತ್ತು ಕುದುರೆ ಸವಾರರು ದೂರು ಕೊಟ್ಟರು. ಹೆಚ್ಚಿನ ಕಿರಿದಾದ ದಾರಿಗಳು ಸೈಕಲ್‌ಗೆ ಮುಚ್ಚಿದವು. ಅಗಲ ರಸ್ತೆಯಲ್ಲೂ ಗಂಟೆಗೆ 15 ಮೈಲಿಗಿಂತ ಜೋರಾಗಿ ಹೋಗಬಾರದು ಅಂತ ನಿಯಮ ಬಂತು. ದೇಶಮಟ್ಟದಲ್ಲಿ 1964ರ ವನ್ಯಪ್ರದೇಶ ಕಾಯ್ದೆ ಇತ್ತು. ಆ ಕಾಯ್ದೆಯಡಿ ಕಾಪಾಡಿದ ಕಾಡುಗಳಿಗೆ ಸೈಕಲ್ ಬರಬಾರದು ಅಂತ 1984ರಲ್ಲಿ ಅರಣ್ಯ ಸೇವೆ ಸ್ಪಷ್ಟ ಮಾಡಿತು. ಸವಾರರು ಸುಮ್ಮನೆ ಕೂರಲಿಲ್ಲ. 1988ರಲ್ಲಿ ಕ್ಯಾಲಿಫೋರ್ನಿಯಾದ ಐದು ಕ್ಲಬ್‌ಗಳು ಸೇರಿ ಇಂಬಾ (ಅಂತರರಾಷ್ಟ್ರೀಯ ಮೌಂಟನ್ ಬೈಕ್ ಸಂಘ) ಅನ್ನುವ ಸಂಸ್ಥೆ ಕಟ್ಟಿದವು. ಎದುರಿನವರಿಗೆ ದಾರಿ ಬಿಡಿ, ಒದ್ದೆ ನೆಲದಲ್ಲಿ ಗೆರೆ ಬೀಳಿಸಬೇಡಿ, ಪ್ರಾಣಿಗಳನ್ನು ಬೆದರಿಸಬೇಡಿ ಅನ್ನುವ ನಡವಳಿಕೆಯನ್ನು ಅವರು ಊರೂರಿಗೆ ಕಲಿಸಿದರು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾಲುದಾರಿ ಬೇರೆ, ಕುದುರೆ ದಾರಿ ಬೇರೆ. 1968ರ ಕಾಯ್ದೆ ಸೈಕಲ್‌ಗೆ ಕುದುರೆ ದಾರಿಯ ಮೇಲೆ ಹಕ್ಕು ಕೊಟ್ಟಿತು. ಆದರೆ ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು ಅಂತ ಅದರಲ್ಲೇ ಬರೆದಿದೆ. ಪಕ್ಕದ ಸ್ಕಾಟ್ಲೆಂಡ್‌ಗೆ ಬನ್ನಿ. ಅಲ್ಲಿ 2003ರ ಭೂಸುಧಾರಣೆ ಕಾಯ್ದೆ ಬಹುತೇಕ ಎಲ್ಲ ನೆಲದ ಮೇಲೂ ಜವಾಬ್ದಾರಿಯಿಂದ ಓಡಾಡುವ ಹಕ್ಕು ಕೊಟ್ಟಿದೆ, ಸೈಕಲ್‌ಗೂ ಸೇರಿಸಿ. ಒಂದೇ ದ್ವೀಪ, ಎರಡು ಪದ್ಧತಿ! ಇಂಗ್ಲೆಂಡಿನವರು ನಕ್ಷೆ ನೋಡಿ ದಾರಿ ಹುಡುಕುತ್ತಾರೆ, ಸ್ಕಾಟ್ಲೆಂಡಿನವರು ಬೆಟ್ಟ ನೋಡಿ ಹೊರಡುತ್ತಾರೆ.

ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಕಾಡಿನ ದಾರಿ ಎರಡು ಮೀಟರ್ ಅಗಲ ಇದ್ದರೆ ಮಾತ್ರ ಸೈಕಲ್. ಆಸ್ಟ್ರಿಯಾ ಇನ್ನೂ ಬಿಗಿ. ಕಾಡಿನಲ್ಲಿ ಎಲ್ಲರೂ ನಡೆಯಬಹುದು, ಆದರೆ ಸೈಕಲ್ ತುಳಿಯಲು ಮಾಲೀಕರ ಒಪ್ಪಿಗೆ ಬೇಕು. ಅದಕ್ಕೇ ಅಲ್ಲಿ ಗುರುತು ಹಾಕಿದ ದಾರಿಗಳು, ಬೈಕ್ ಪಾರ್ಕ್‌ಗಳು ಜಾಸ್ತಿ.

ನಮ್ಮಲ್ಲಿ? ಮೀಸಲು ಅರಣ್ಯ, ದರೋಜಿಯಂಥ ಕರಡಿಧಾಮ, ಇವಕ್ಕೆ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ. ಅದು ಸರಿಯೇ. ಉಳಿದದ್ದು ಬಂಡಿದಾರಿ, ಕಾಲುವೆ ಏರಿ, ಗಾಯರಾಣ (ಊರ ಗೋಮಾಳ), ಕುರಿದಾರಿ. ಇವನ್ನು ತಲೆತಲಾಂತರದಿಂದ ಯಾರೋ ಬಳಸುತ್ತಾ ಬಂದಿದ್ದಾರೆ. ನೀವು ಹೇಳಿದ ಅಜ್ಜ ಮಾತಾಡಿದ್ದು ಆ ಹಕ್ಕಿನಿಂದ.

ಸಂಡೂರು ಕೆಂಪುಧೂಳು · ಮಂಗಳವಾರ, ಮಧ್ಯಾಹ್ನ 1:30

ಅಕ್ಕಾ, ಗಾಲಿ ಅಣ್ಣ, ನಾನು ಎರಡು ಊರುಗಳ ಬಗ್ಗೆ ಹೇಳಲೇಬೇಕು. ಸಂಡೂರಿನವನಾಗಿ ಇವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಕಯುನಾ ಅನ್ನುವ ಪ್ರದೇಶ ಇದೆ. ಅದು ಕಬ್ಬಿಣದ ಅದಿರಿನ ನಾಡು. ಮ್ಯಾಂಗನೀಸ್ ಬೆರೆತ ಅದಿರು, ಹೌದು, ನಮ್ಮಲ್ಲೂ ಎರಡೂ ಸಿಗುತ್ತವೆ. 1924ರಲ್ಲಿ ಅಲ್ಲಿನ ಮಿಲ್‌ಫೋರ್ಡ್ ಗಣಿಗೆ ಪಕ್ಕದ ಕೆರೆ ನೀರು ನುಗ್ಗಿ 41 ಕಾರ್ಮಿಕರು ಸತ್ತರು. ಕಾಲ ಕಳೆದಂತೆ ಗಣಿಗಳು ನಿಂತವು. ಹೊಂಡಗಳಲ್ಲಿ ನೀರು ತುಂಬಿ ಕೆರೆಗಳಾದವು. ಅಗೆದು ಸುರಿದ ಮಣ್ಣಿನ ದಿಬ್ಬಗಳ ಮೇಲೆ ಗಿಡ ಬೆಳೆಯಿತು. 1993ರಲ್ಲಿ ರಾಜ್ಯ ಅದನ್ನು ಜನರ ವಿಹಾರಕ್ಕೆ ಮೀಸಲಿಟ್ಟಿತು. 2011ರಲ್ಲಿ ಆ ದಿಬ್ಬಗಳ ಮೇಲೆಯೇ ಸೈಕಲ್ ದಾರಿ ತೆರೆದರು. ಅಲ್ಲಿ ಸವಾರಿ ಮಾಡಿ ಬಂದವರ ಸಾಕ್ಸು, ಚೈನು, ಹಲ್ಲು ಎಲ್ಲ ಕೆಂಪು. ಫೋಟೋ ನೋಡಿದರೆ ತೋರಣಗಲ್ಲು ರಸ್ತೆಯಿಂದ ಮನೆಗೆ ಬಂದ ನಮ್ಮ ಹುಡುಗರ ಹಾಗೇ ಕಾಣುತ್ತಾರೆ.

ಅದೇ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಲು ಹೇಳಿತು. ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಲಾರಿ ಸದ್ದು ನಿಂತ ರಾತ್ರಿ ಊರಿಗೆ ಊರೇ ಮೌನವಾಗಿತ್ತು.

ಇನ್ನೊಂದು, ಆಸ್ಟ್ರೇಲಿಯಾದ ಟಾಸ್ಮೇನಿಯಾದ ಡರ್ಬಿ. ಅದು ತವರದ ಗಣಿ ಇದ್ದ ಊರು. 1929ರಲ್ಲಿ ಅಣೆಕಟ್ಟು ಒಡೆದು 14 ಜನ ಕೊಚ್ಚಿಹೋದರು. ಗಣಿ ನಿಂತ ಮೇಲೆ ಊರು ಖಾಲಿಯಾಗುತ್ತಾ ಬಂತು. 2015ರಲ್ಲಿ ಅಲ್ಲಿ ಬ್ಲೂ ಡರ್ಬಿ ದಾರಿಗಳು ತೆರೆದವು. ಎರಡೇ ವರ್ಷದಲ್ಲಿ, 2017ರಲ್ಲಿ, ಎಂಡ್ಯೂರೋ (ಇಳಿಜಾರಿನ ತುಂಡುಗಳಿಗೆ ಮಾತ್ರ ಸಮಯ ಲೆಕ್ಕ ಹಾಕುವ ಆಟ) ವಿಶ್ವ ಸರಣಿಯ ರೇಸ್ ಆ ಪುಟ್ಟ ಊರಿಗೆ ಬಂತು. ಮುಚ್ಚಿದ ಮನೆಗಳು ಬಾಡಿಗೆ ಕೋಣೆಗಳಾದವು.

ಇದನ್ನು ಓದಿ ನಾಳೆಯೇ ಸಂಡೂರು ಗುಡ್ಡಕ್ಕೆ ದಾರಿ ಕಡಿಯೋಣ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಗಣಿ ಪೂರ್ತಿ ನಿಂತಿಲ್ಲ. ಗುಡ್ಡದ ಬಹುಭಾಗ ಅರಣ್ಯ. ಕರಡಿ, ಚಿರತೆ ಇವೆ. ಕುಮಾರಸ್ವಾಮಿ ದೇವಸ್ಥಾನದ ಭಕ್ತರ ದಾರಿ ಇದೆ. ಆದರೂ ಅಗೆದು ಬಿಟ್ಟ ನೆಲದ ಮೇಲೆ ಏನಾದರೂ ಜೀವ ತುಂಬಬಹುದು ಅನ್ನುವುದಕ್ಕೆ ಈ ಎರಡು ಊರು ಸಾಕ್ಷಿ. ಗುತ್ತಿಗೆ ಮುಗಿದ, ಅರಣ್ಯ ಅಲ್ಲದ ಜಾಗ ಯಾವುದಿದೆ ಅಂತ ನಾವು ಪಂಚಾಯಿತಿಯಲ್ಲಿ ಕೇಳಲು ಶುರು ಮಾಡಬಹುದು. ನಾನು ಕೇಳುತ್ತೇನೆ.

ಪಂಚರ್ ಅಂಗಡಿ, ಕೊಪ್ಪಳ · ಮಂಗಳವಾರ, ಸಂಜೆ 7:05

ಎಲ್ಲರೂ ಬೆಟ್ಟದ ಬಗ್ಗೆ ಬರೆದಿದ್ದೀರಿ, ನಾನು ಮುಳ್ಳಿನ ಬಗ್ಗೆ ಬರೆಯುತ್ತೇನೆ. ಅಮೆರಿಕದ ಪಶ್ಚಿಮ ಭಾಗದ ಸವಾರರಿಗೆ ದೊಡ್ಡ ಕಾಟ ಕೊಡುವುದು ಗೋಟ್‌ಹೆಡ್ ಅನ್ನುವ ಮುಳ್ಳು. ಅದು ಏನು ಗೊತ್ತಾ? ನಮ್ಮ ನೆಗ್ಗಿಲು! ಅದೇ ಗಿಡ, ಈ ಕಡೆಯ ಖಂಡಗಳಿಂದ ಅಲ್ಲಿಗೆ ಹೋಗಿದ್ದು. ಐಡಹೋದ ಬಾಯ್ಸಿ ಪಟ್ಟಣದಲ್ಲಿ 2018ರಲ್ಲಿ ಆ ಮುಳ್ಳಿನ ಹೆಸರಲ್ಲೇ ಸೈಕಲ್ ಹಬ್ಬ ಶುರು ಮಾಡಿದರು, ಜನ ಚೀಲಗಟ್ಟಲೆ ಗಿಡ ಕಿತ್ತು ತಂದರು. ನಮಗೆ ಕಾಟ ಕೊಡುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಅವರ ಮುಳ್ಳು ನಮಗೆ, ನಮ್ಮ ಮುಳ್ಳು ಅವರಿಗೆ.

ಗಾಲಿಗೆ ಟ್ಯೂಬ್‌ಲೆಸ್ ಟೈರು, ಒಳಗೆ ತೂತು ಮುಚ್ಚುವ ದ್ರವ (ಸೀಲೆಂಟ್) ಹಾಕಿಸಿ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ. ಅದಕ್ಕೆ ದುಡ್ಡು ಆಗದಿದ್ದರೆ ಹಳೇ ಟ್ಯೂಬ್ ಸೀಳಿ ಟೈರಿನ ಒಳಗೆ ಪಟ್ಟಿ ಹಾಸಿ. ಭಾರ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ನೆಗ್ಗಿಲು ತಡೆಯುತ್ತದೆ. ಜಾಲಿಯ ಉದ್ದ ಮುಳ್ಳಿಗೆ ಯಾವುದೂ ಪೂರ್ತಿ ಗ್ಯಾರಂಟಿ ಇಲ್ಲ. ಇನ್ನೊಂದು, ಮಳೆ ಬಂದ ಮೇಲೆ ಎರೆ ಹೊಲದ ದಾರಿಗೆ ಇಳಿಯಬೇಡಿ. ಹತ್ತು ಮಾರು ಹೋಗುವಷ್ಟರಲ್ಲಿ ಮಣ್ಣು ಫೋರ್ಕಿಗೆ ತುಂಬಿ ಗಾಲಿ ತಿರುಗುವುದಿಲ್ಲ. ಹಿಂದಿನ ಗೇರಿನ ಕೊಂಡಿ ಮುರಿದುಕೊಂಡು ಬಂದವರು ಎಷ್ಟೋ ಜನ. ಮಸಾರಿ (ಕೆಂಪು ಮಣ್ಣಿನ) ನೆಲ ಆದರೆ ಒಂದು ದಿನ ಬಿಟ್ಟು ಹೋಗಬಹುದು.

ಸಿಂಧನೂರು ಕಾಲುವೆ · ಮಂಗಳವಾರ, ರಾತ್ರಿ 8:50

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕುರಿದಾರಿ, ಗೌರವ ಎಲ್ಲ ಒಪ್ಪುತ್ತೇನೆ. ಆದರೆ ಹುಡುಗರಿಗೆ ರೇಸ್ ಬೇಕು. ಆ ಆಸೆಗೆ ನಾವು ಜಾಗ ಕೊಡಬೇಕು, ಇಲ್ಲದಿದ್ದರೆ ಅವರು ಮತ್ತೆ ಕಲ್ಲು ಪೇರಿಸುತ್ತಾರೆ.

ನಮ್ಮ ಕಡೆ ಗುಡ್ಡ ಇಲ್ಲ, ಬರೀ ಭತ್ತದ ಗದ್ದೆ ಅಂತ ನಾನು ಬಹಳ ದಿನ ಕೊರಗಿದ್ದೆ. ಆಮೇಲೆ ಓದಿದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಮೌಂಟನ್ ಬೈಕ್ ಸೇರಿದಾಗ ಗಂಡಸರ ಚಿನ್ನ ಗೆದ್ದವರು ಬಾರ್ಟ್ ಬ್ರೆಂಟಿಯೆನ್ಸ್, ನೆದರ್‌ಲ್ಯಾಂಡ್ಸ್‌ನವರು. ಬಹುತೇಕ ಸಪಾಟು ದೇಶ! ಅಲ್ಲಿನವರು ಸಣ್ಣ ದಿಬ್ಬ, ಮರಳು, ಕಾಡಿನ ನಡುವೆ ಸುತ್ತಿ ಸುತ್ತಿ ಗುರುತು ಹಾಕಿದ ದಾರಿ ಮಾಡಿಕೊಂಡಿದ್ದಾರೆ. ಕೆಲವು ಕಡೆ ಸವಾರರು ವರ್ಷಕ್ಕೊಂದು ಚೀಟಿ ಕೊಳ್ಳುತ್ತಾರೆ, ಆ ದುಡ್ಡು ದಾರಿಯ ದುರಸ್ತಿಗೆ ಹೋಗುತ್ತದೆ. ಹೆಂಗಸರ ಚಿನ್ನ ಇಟಲಿಯ ಪಾವೊಲಾ ಪೆಟ್ಸೊ ಅವರಿಗೆ. ಸ್ವಿಟ್ಜರ್ಲೆಂಡಿನ ನಿನೋ ಶುರ್ಟರ್ ಹತ್ತು ಸಲ ವಿಶ್ವ ಚಾಂಪಿಯನ್.

ಇವರೆಲ್ಲರದ್ದೂ ಕ್ರಾಸ್ ಕಂಟ್ರಿ. ಉಸಿರು, ಕಾಲು, ತಾಳ್ಮೆಯ ಆಟ. ಒಂದು ಸುತ್ತು ಮೂರು-ನಾಲ್ಕು ಕಿಲೋಮೀಟರ್ ಇದ್ದರೆ ಸಾಕು. ಪಕ್ಕದ ಗದಗದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದಾಗ ನಾನು ನೋಡಲು ಹೋಗಿದ್ದೆ. ನಮ್ಮ ನೆಲದಂಥದೇ ನೆಲ. ವಿಜಯಪುರ, ಬಾಗಲಕೋಟೆಯ ಮಕ್ಕಳು ದೇಶಕ್ಕೇ ಹೆಸರು ತಂದಿದ್ದಾರೆ. ನಮ್ಮ ಮಕ್ಕಳೂ ತರುತ್ತಾರೆ. ಊರವರನ್ನು ಕೇಳಿ, ಕುರಿ ಬಾರದ ಜಾಗದಲ್ಲಿ ಒಂದೇ ಒಂದು ಸುತ್ತಿನ ದಾರಿ ಮಾಡೋಣ. ಕಲ್ಲಿನ ದಿಣ್ಣೆ ಬೇಡ, ಇರುವ ಬಂಡೆಯನ್ನೇ ಹತ್ತಿ ಇಳಿಯುವುದು ಕಲಿಯಲಿ.

ಬಳ್ಳಾರಿ ಟೀಚರ್ · ಮಂಗಳವಾರ, ರಾತ್ರಿ 9:30

ಕಾಲುವೆ ಸರ್, ಈ ಮಾತು ಒಪ್ಪಿದೆ. ಆ ಸುತ್ತಿಗೆ ಹೆಣ್ಣುಮಕ್ಕಳನ್ನೂ ಮೊದಲ ದಿನದಿಂದಲೇ ಕರೆಯಿರಿ. ಮರಿನ್‌ನ ಆ ಗುಂಪಿನಲ್ಲಿ ಶುರುವಿನಲ್ಲಿ ಇದ್ದ ಹೆಣ್ಣು ಹೆಚ್ಚುಕಡಿಮೆ ವೆಂಡಿ ಕ್ರಾಗ್ ಒಬ್ಬರೇ. ಆ ಕಾಲದ ಫೋಟೋಗಳು ನಮಗೆ ಸಿಕ್ಕಿದ್ದೂ ಅವರಿಂದಲೇ. ಆಮೇಲೆ ಜಾಕಿ ಫೆಲನ್ ಬಂದು, ರೇಸ್ ಗೆದ್ದು, ಹೆಂಗಸರಿಗೆ ಅಂತಲೇ ಕ್ಲಬ್ ಕಟ್ಟಬೇಕಾಯಿತು. ನಾವು ಅಷ್ಟು ಕಾಯಬೇಕಾಗಿಲ್ಲ. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತಲ್ಲ, ನನ್ನ ವಿದ್ಯಾರ್ಥಿನಿಯರು ಅದರಲ್ಲೇ ಕಲ್ಲು ದಾರಿಯಲ್ಲಿ ದಿನಾ ಹೈಸ್ಕೂಲಿಗೆ ಬಂದವರು. ಬ್ಯಾಗು ಕ್ಯಾರಿಯರ್ ಮೇಲೆ, ಹಿಂದೆ ಒಬ್ಬಳು ತಂಗಿ. ಅವರ ಬ್ಯಾಲೆನ್ಸ್ ನೋಡಿದರೆ ನಿಮಗೆ ಆಶ್ಚರ್ಯ ಆಗುತ್ತದೆ.

ಮತ್ತೆ ಹಿರೇಬೆಣಕಲ್ ಗುಡ್ಡದ ಮೇಲೆ ದಯವಿಟ್ಟು ಸೈಕಲ್ ಬೇಡ. ಅಲ್ಲಿನ ಕಲ್ಲುಮನೆಗಳು, ಅಂದರೆ ಹಿಂದಿನವರ ಕಲ್ಲು ಸಮಾಧಿಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ಕೆಳಗೆ ನಿಲ್ಲಿಸಿ, ನಡೆದು ಹೋಗಿ ನೋಡಿ.

ರಾಯಚೂರು ರೇಂಜರ್ · ಮಂಗಳವಾರ, ರಾತ್ರಿ 10:15

ಮೇಡಂ, ಹರ್ಕ್ಯುಲಿಸ್ ಕಾಕಾ, ಎಲ್ಲರಿಗೂ ಥ್ಯಾಂಕ್ಸ್. ನಾನು ಇಷ್ಟು ದಿನ ವಿಡಿಯೋದಲ್ಲಿ ಹಾರುವುದನ್ನು ಮಾತ್ರ ನೋಡಿದ್ದೆ. ಅದರ ಹಿಂದೆ ಇಷ್ಟು ಜಗಳ, ಇಷ್ಟು ಕೆಲಸ ಇದೆ ಅಂತ ಗೊತ್ತಿರಲಿಲ್ಲ. ಮಲಿಯಾಬಾದ್ ಕಡೆ ನಾವು ನಾಲ್ಕು ಜನ ಇದ್ದೇವೆ. ಸುತ್ತಿನ ದಾರಿ ಮಾಡುವಾಗ ಹೇಳಿ, ಕೆಲಸಕ್ಕೆ ಬರುತ್ತೇವೆ.

ಗಂಗಾವತಿ ಗಾಲಿ · ಗುರುವಾರ, ರಾತ್ರಿ 8:00

ನಿನ್ನೆ ಸಂಜೆ ಆ ಇಬ್ಬರು ಹುಡುಗರನ್ನು ಕರೆದುಕೊಂಡು ಅಜ್ಜನ ಹತ್ತಿರ ಹೋಗಿದ್ದೆ. ಚಹಾ, ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದೆವು. ಬಹಳ ಹೊತ್ತು ಮಾತಾಡಿದರು. ಕುರಿಗಳು ಬೆಳಿಗ್ಗೆ ಎಂಟಕ್ಕೆ ಮೇಲೆ ಹತ್ತುತ್ತವೆ, ಹನ್ನೊಂದಕ್ಕೆ ನೀರಿಗೆ ಇಳಿಯುತ್ತವೆ. ಎಂಟರ ಒಳಗೆ ನಾವು ಬಂದು ಹೋದರೆ ಅವರಿಗೆ ಏನೂ ತೊಂದರೆ ಇಲ್ಲವಂತೆ. ಮರಿ ಹಾಕುವ ದಿನಗಳಲ್ಲಿ ಮಾತ್ರ ಆ ಕಡೆ ಬರಬೇಡಿ ಅಂದರು.

ಆಮೇಲೆ ಎದ್ದು ಗುಡ್ಡದ ಹಿಂಬದಿಗೆ ನಡೆಸಿಕೊಂಡು ಹೋದರು. ಹಳೇ ಬಂಡಿದಾರಿ, ಈಗ ಯಾರೂ ಓಡಾಡುವುದಿಲ್ಲ. ನಡುವೆ ಉದ್ದಕ್ಕೆ ಕಲ್ಲುಹಾಸು, ಎರಡು ಕಡೆ ತಿರುವು, ಕೊನೆಗೆ ಒಂದು ಒಣ ಹಳ್ಳ. ಕಾಲಲ್ಲಿ ಅಳೆದೆವು, ಒಂದು ಸುತ್ತು ಮೂರು ಕಿಲೋಮೀಟರ್ ಹತ್ತಿರ ಬರುತ್ತದೆ. ಗಾಯರಾಣ ಜಾಗ, ಅರಣ್ಯ ಅಲ್ಲ. ಇವತ್ತು ಪಂಚಾಯಿತಿಯಲ್ಲಿ ಕೇಳಿದೆ. ಏನೂ ಕಟ್ಟದಿದ್ದರೆ, ಬೇಲಿ ಹಾಕದಿದ್ದರೆ ಅಭ್ಯಂತರ ಇಲ್ಲ ಅಂದರು. ಬರವಣಿಗೆಯಲ್ಲಿ ಒಂದು ಅರ್ಜಿಯನ್ನೂ ಕೊಟ್ಟು ಬಂದಿದ್ದೇನೆ. ಒಂದೇ ತೊಂದರೆ, ಅರ್ಧ ದಾರಿಗೆ ಜಾಲಿ ಚಾಚಿಕೊಂಡಿದೆ. ಅದನ್ನು ಸವರಿದರೆ ಕುರಿಗಳಿಗೂ ಅನುಕೂಲ, ಮುಂದೆ ನಿಂತು ತೋರಿಸುತ್ತೇನೆ ಅಂತ ಅಜ್ಜ ಹೇಳಿದ್ದಾರೆ.

ಭಾನುವಾರ ಬೆಳಿಗ್ಗೆ 5:30ಕ್ಕೆ ಸಾಣಾಪುರ ಕೆರೆ ಏರಿಯ ಹತ್ತಿರ ಸೇರೋಣ. ಸೈಕಲ್ ಬೇಕಿಲ್ಲ, ದಪ್ಪ ಚಪ್ಪಲಿ ಅಥವಾ ಬೂಟು ಹಾಕಿಕೊಂಡು ಬನ್ನಿ, ನೀರು ತನ್ನಿ. ಮಚ್ಚು ನನ್ನ ಹತ್ತಿರ ಎರಡಿವೆ. ಉದ್ದ ಹಿಡಿಯ ಕೊಡಲಿ ಇದ್ದವರು ಇಲ್ಲೇ ತಿಳಿಸಿ.

ಹಳೇ ಹರ್ಕ್ಯುಲಿಸ್, ಕುಷ್ಟಗಿ · ಗುರುವಾರ, ರಾತ್ರಿ 8:25

ನನ್ನ ಹತ್ತಿರ ಒಂದಿದೆ. ಶನಿವಾರ ರಾತ್ರಿಯೇ ಗಂಗಾವತಿಗೆ ಬರುತ್ತೇನೆ.